ಆಲ್ದೂರಿನ ಸುಪ್ರಿಯಾ ಲಾ ಓದಲು ಹೊರಟದ್ದು

ಲಾ ಓದುತ್ತೇನೆಂದು ಸುಪ್ರಿಯಾ ಹೇಳಿದ್ದು ನಿಜ. ಓದಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ ಎನ್ನುವುದೂ ಅಷ್ಟೇ ನಿಜ. ಅದು ಹೇಗೆ ಎಂದು ಕೇಳುವವರು ಒಂದು ಸಲ ಹೆಣ್ಣು ನೋಡಲು ಬಂದವರ ಎದುರು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತು ನೋಡಬೇಕು. ಆ ಹೊತ್ತಿನಲ್ಲಿ ಮನುಷ್ಯರ ಬಾಯಿಂದ ಏನು ಬೇಕಾದರೂ ಬರುತ್ತದೆ.

ಶ್ರಾವಣದ ಎರಡನೇ ಭಾನುವಾರ ಗೋಣಿಬೀಡಿನಿಂದ ಹುಡುಗನ ಕಡೆಯವರು ಬಂದಿದ್ದರು. ಹುಡುಗ ಅರುಣ್ ಒಳ್ಳೆಯವನೇ. ಆರು ಎಕರೆ ತೋಟ, ಮಾತು ಕಡಿಮೆ, ಉಪ್ಪಿಟ್ಟಿನಲ್ಲಿ ಸಿಕ್ಕಿದ ಮೆಣಸಿನಕಾಯಿಯನ್ನು ಯಾರಿಗೂ ಕಾಣದಂತೆ ತಟ್ಟೆಯ ಅಂಚಿಗೆ ಸರಿಸುವಷ್ಟು ನಾಚಿಕೆ. ಬೇಡ ಎನ್ನಲು ಸುಪ್ರಿಯಾಳಿಗೆ ಕಾರಣ ಸಿಗಲಿಲ್ಲ. ಬೇಕು ಎನ್ನಲೂ ಸಿಗಲಿಲ್ಲ. ಹುಡುಗನ ದೊಡ್ಡಪ್ಪ ದೇವೇಂದ್ರ ಅವರು, "ಮುಂದೆ ಎಂತ ಮಾಡ್ಬೇಕು ಅಂತಿದೀಯಮ್ಮ?" ಎಂದು ಕೇಳಿದರು. "ಲಾ ಓದ್ಬೇಕು ಅಂತಿದೀನಿ. ಮೂರು ವರ್ಷ ಆಗುತ್ತೆ" ಎಂದುಬಿಟ್ಟಳು. ಲಾ ಎಂಬುದು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಮೂರು ವರ್ಷ. ಇಪ್ಪತ್ತೆಂಟು ದಾಟಿದ ಹುಡುಗಿಗಾಗಿ ಇನ್ನೂ ಮೂರು ವರ್ಷ ಯಾರು ಕಾಯುತ್ತಾರೆ, ಕಾಫಿ ಕುಡಿದು ಎದ್ದು ಹೋಗುತ್ತಾರೆ ಎಂದು ಅವಳ ಲೆಕ್ಕ.

ಅವರು ಎದ್ದು ಹೋಗಲಿಲ್ಲ. ದೇವೇಂದ್ರ ಅವರ ಮುಖ ಅರಳಿತು. ಪಕ್ಕದ ತೋಟದವರ ಜೊತೆ ಅವರಿಗೆ ಹದಿನೇಳು ವರ್ಷದಿಂದ ಬೇಲಿಯ ವ್ಯಾಜ್ಯ ನಡೆಯುತ್ತಿತ್ತು. ಆ ಹದಿನೇಳು ವರ್ಷದಲ್ಲಿ ಬೇಲಿ ಎರಡು ಸಲ ಕೊಳೆತು ಹೊಸದಾಗಿತ್ತು, ವ್ಯಾಜ್ಯ ಮಾತ್ರ ಹಳೆಯದೇ ಇತ್ತು. "ಮನೆಗೊಬ್ಳು ಲಾಯರ್ ಬರ್ತಾಳೆ ಅಂದ್ರೆ ಕಾಯೋಕೆ ಎಂತ ಕಷ್ಟ ಮಾರಾಯ್ರೆ?" ಎಂದು ಸುಪ್ರಿಯಾಳ ಅಪ್ಪ ದೇವರಾಜನ ಕೈ ಹಿಡಿದರು. "ಓದ್ತಾಳೆ ಅಂತಾದ್ರೆ ಮದುವೆ ಮೂರು ವರ್ಷ ಬಿಟ್ಟೇ ಆಗ್ಲಿ. ಓದಲ್ಲ ಅಂತಾದ್ರೆ ಈ ಸಲದ ಕೊಯ್ಲಿಗೆ ಮುಂಚೆ ಮಾಡಿಬಿಡಾಣ. ತಿಂಗಳ ಕೊನೆ ಒಳಗೆ ಒಂದು ಮಾತು ಹೇಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳುತ್ತಾರೆಯೇ? ಕಾಲೇಜುಗಳಿಗೆ ಅರ್ಜಿ ಹಾಕುವ ಕೊನೆಯ ದಿನವೂ ತಿಂಗಳ ಕೊನೆಯ ಶನಿವಾರವೇ ಆಗಿತ್ತು. ಅಷ್ಟರೊಳಗೆ ಸುಪ್ರಿಯಾ ತನಗೆ ನಿಜವಾಗಿ ಏನು ಬೇಕು ಎಂದು ತಿಳಿದುಕೊಳ್ಳಬೇಕಿತ್ತು. ಓದದಿದ್ದರೆ ನವೆಂಬರಿನಲ್ಲಿ ಹಸೆಮಣೆ. ಓದಿದರೆ, ತಪ್ಪಿಸಿಕೊಳ್ಳಲು ಹೇಳಿದ ಒಂದು ಸುಳ್ಳಿಗೆ ಮೂರು ವರ್ಷದ ಜೀತ. ತಲೆ ಚಿಟ್ಟು ಹಿಡಿದುಹೋಯಿತು.

ಅವಳ ತಲೆ ಹೀಗಿರುವಾಗ ಊರಿನ ತಲೆಗಳೆಲ್ಲ ಬಹಳ ಸ್ಪಷ್ಟವಾಗಿದ್ದವು. ಬಸ್ಸಿನ ಕಂಡಕ್ಟರ್ "ಲಾಯರಮ್ಮ, ಸ್ವಲ್ಪ ಮುಂದೆ ಹೋಗಿ" ಎಂದ. ಎದುರುಮನೆಯವರು ಪಹಣಿಯ ನಕಲು ತಂದು ತೋರಿಸಿ ಒತ್ತುವರಿಯ ವಿಷಯ ಕೇಳಿದರು. ಅಪ್ಪ ಮಾತಾಡುವ ಮನುಷ್ಯನಲ್ಲ. ಅವನು ಒಂದು ದಿನ ಸುಮ್ಮನೆ ಚಿಕ್ಕಮಗಳೂರಿಗೆ ಹೋಗಿ ಅವಳ ಹತ್ತನೇ ಕ್ಲಾಸಿನಿಂದ ಬಿ.ಕಾಂ.ವರೆಗಿನ ಅಂಕಪಟ್ಟಿಗಳಿಗೆಲ್ಲ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದ. ಅಜ್ಜಿ ರಂಗಮ್ಮ ಮಾತ್ರ, "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ. ಅಂಥಾ ಜಾಗಕ್ಕೆ ಓದಿ ಬೇರೆ ಹೋಗ್ಬೇಕಾ ಇವ್ಳು?" ಎಂದು ಎಲೆ ಅಡಿಕೆ ಕುಟ್ಟುತ್ತಾ ಕೂತಳು.

ಇನ್ನು ಯಾವ ಕಾಲೇಜು ಎಂಬ ಪ್ರಶ್ನೆ. ಹತ್ತು ಜನಕ್ಕೆ ಹತ್ತು ಮಾತು. ಮಂಗಳೂರೇ ಸರಿ, ಅಲ್ಲಿ ಓದಿದವರ ಇಂಗ್ಲಿಷು ಬೇರೆ ಎಂದು ದೇವೇಂದ್ರ ಅವರು ಫೋನು ಮಾಡಿ ಹೇಳಿದರು. ಹಾಸನ ಹತ್ತಿರ ಎಂದ ಒಬ್ಬ, ಅವನಿಗೆ ಹಾಸನದಲ್ಲಿ ತಂಗಿಯ ಮನೆ ಇತ್ತು, ಸುಪ್ರಿಯಾಳಿಗೆ ಇರಲಿಲ್ಲ. ಚಿಕ್ಕಮಗಳೂರಾದರೆ ಸಂಜೆ ಮನೆಗೆ ಬರಬಹುದು ಎಂದ ಅಪ್ಪ, ಅಷ್ಟು ಹೇಳಿ ತಪ್ಪು ಮಾಡಿದವನಂತೆ ಎದ್ದು ತನ್ನ ಕಾಫಿ ತೋಟಕ್ಕೆ ಹೋದ. ಮನೆಯಲ್ಲೇ ಕೂತು ಅಂಚೆಯಲ್ಲಿ ಓದಿಬಿಡು ಎಂದವರೂ ಇದ್ದರು. ಹಾಗೆ ಓದಿದರೆ ಕರಿ ಕೋಟು ಹಾಕಲು ಬಿಡುವುದಿಲ್ಲ ಎಂದು ಅವಳು ವಿಚಾರಿಸಿ ತಿಳಿದುಕೊಂಡಿದ್ದಳು. ಬೇಡದ ಓದಿನ ಬಗ್ಗೆ ಇಷ್ಟು ವಿಚಾರಿಸುವುದೇಕೆ ಎಂದು ತನ್ನನ್ನೇ ಕೇಳಿಕೊಂಡು ಮತ್ತಷ್ಟು ಗೊಂದಲಕ್ಕೆ ಬಿದ್ದಳು.

ಕೊನೆಗೆ ಅವಳು ಕಷ್ಟ ಹೇಳಿಕೊಂಡದ್ದು ಬಸವರಾಜಪ್ಪನವರ ಹತ್ತಿರ. ಅವರು ಆಲ್ದೂರಿನಲ್ಲಿ ಕಾಫಿ ಕೊಳ್ಳುವ ಡಿಪೋದ ಮಾಲೀಕರು, ಹಣೆಗೆ ಮೂರು ಬೆರಳಿನ ವಿಭೂತಿ, ಬಾಯಿ ಜೋರು, ಮನಸ್ಸು ಮೆದು. ಏಳು ವರ್ಷದಿಂದ ಸುಪ್ರಿಯಾ ಅಲ್ಲಿ ಔಟ್‌ಟರ್ನ್ ತೆಗೆಯುವ ಕೆಲಸದಲ್ಲಿದ್ದಳು. ಬೆಳೆಗಾರರು ಒಣಗಿದ ಕಾಫಿಯ ಚೀಲಗಳನ್ನು ತಂದಾಗ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಒಂದಿಷ್ಟು ಕಾಯಿ ತೆಗೆಯುವುದು, ಪುಟ್ಟ ಯಂತ್ರದಲ್ಲಿ ಹಾಕಿ ಸಿಪ್ಪೆ ಬಿಡಿಸುವುದು, ಉಳಿದ ಬೀಜವನ್ನು ತೂಗಿ ಐವತ್ತು ಕೆಜಿಯ ಚೀಲಕ್ಕೆ ಎಷ್ಟು ಕೆಜಿ ಬೀಜ ಬೀಳುತ್ತದೆ ಎಂದು ಚೀಟಿ ಬರೆಯುವುದು, ದುಡ್ಡು ಆ ಲೆಕ್ಕದ ಮೇಲೆ. ಇಪ್ಪತ್ತಾರು ಎಂದು ಬರೆದರೆ ಇಪ್ಪತ್ತಾರು, ಇಪ್ಪತ್ತೆಂಟು ಎಂದರೆ ಇಪ್ಪತ್ತೆಂಟು. ವರ್ಷವಿಡೀ ದುಡಿದ ಬೆಳೆಗಾರ ಅವಳ ಮುಖ ನೋಡುತ್ತಾ ನಿಂತಿರುತ್ತಾನೆ. ಅವಳು ಬರೆದ ಮೇಲೆ ಅದರ ಮೇಲೆ ಮಾತಿಲ್ಲ.

"ಇದಕ್ಯಾಕೆ ತಲೆ ಕೆಡಿಸ್ಕೊಳ್ತೀಯ ಮಾರಾಯ್ತಿ?" ಎಂದರು ಬಸವರಾಜಪ್ಪ. "ಕಾಲೇಜಿಗೂ ಔಟ್‌ಟರ್ನ್ ತೆಗಿ. ಕೋರ್ಟ್ ಹತ್ರ ಹೋಗು. ಕರಿ ಕೋಟು ಹಾಕಿದೋರ್ನ ಹಿಡ್ಕೊಂಡು ಎಲ್ಲಿ ಓದಿದ್ರಿ, ಈಗ ಎಷ್ಟು ಕೇಸ್ ಇದಾವೆ ಅಂತ ಕೇಳು. ಅನ್ನ ಬೆಂದಿದ್ಯಾ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು."

ಇದು ಅವಳಿಗೆ ಅರ್ಥವಾಗುವ ಭಾಷೆ. ಗುರುವಾರ ರಜೆ ಹಾಕಿ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡು ಚಿಕ್ಕಮಗಳೂರಿನ ಬಸ್ಸು ಹತ್ತಿದಳು. ಹನ್ನೊಂದೂಕಾಲಿಗೆ ಕೋರ್ಟಿನ ಆವರಣದ ಕ್ಯಾಂಟೀನಿಗೆ ಹೋದರೆ ಕರಿ ಕೋಟುಗಳು ಧಾರಾಳವಾಗಿ ಸಿಕ್ಕವು. ಎಲ್ಲರೂ ಪುರುಸೊತ್ತಾಗಿ ಕೂತಿದ್ದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಒಬ್ಬರು ವಡೆಯನ್ನೂ ಕೊಡಿಸಿದರು. ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಜನರ ಲೆಕ್ಕ ಸಿಕ್ಕಿತು. ಹನ್ನೊಂದರಲ್ಲಿ ಏಳು ಜನ ಒಂದೇ ಕಾಲೇಜಿನವರು. ಅದರ ಹೆಸರು ಬೇಡ, ಸುಮ್ಮನೆ ಅವರಿಗೇಕೆ ನೋವು. ಆ ಏಳೂ ಜನರಿಗೆ ಕೇಸು ಬೆರಳೆಣಿಕೆಯಷ್ಟು. ಸುಪ್ರಿಯಾ ಆ ಕಾಲೇಜಿನ ಹೆಸರಿನ ಮೇಲೆ ಕಾಟು ಹಾಕಿದಳು. ಕಳಪೆ ಮಾಲು.

"ನೀನು ಎಲ್ಐಸಿಯವಳಾ?" ಎಂದು ಹಿಂದಿನಿಂದ ಒಂದು ದನಿ ಕೇಳಿತು. ಐವತ್ತೈದರ ಆಸುಪಾಸಿನ ವಕೀಲೆ, ಕೈಯಲ್ಲಿ ಕಾಫಿ ಲೋಟ, ಕಂಕುಳಲ್ಲಿ ನಾಲ್ಕು ಕಡತ, ಕೂರಲೂ ಸಮಯವಿಲ್ಲದೆ ನಿಂತೇ ಕುಡಿಯುತ್ತಿದ್ದರು. ಪ್ರೇಮಕುಮಾರಿ ಎಂದು ಅವರ ಹೆಸರು. ಸುಪ್ರಿಯಾ ಬಂದ ಕಾರಣ ಹೇಳಿ ನೋಟ್‌ಬುಕ್ ತೋರಿಸಿದಳು. ಅವರು ನಕ್ಕ ನಗುವಿಗೆ ಕಾಫಿ ಕೋಟಿನ ಮೇಲೆ ಚೆಲ್ಲಿತು.

"ಅಲ್ಲ ಕಣೇ, ಈ ಹೊತ್ತಲ್ಲಿ ಕೇಸ್ ಇರೋ ಲಾಯರ್ ಎಲ್ಲಿರ್ತಾನೆ?"

"ಕೋರ್ಟ್ ಒಳಗೆ."

"ಮತ್ತೆ ಕ್ಯಾಂಟೀನಲ್ಲಿ ಕೂತಿರೋರು ಯಾರು? ಕೇಸ್ ಇಲ್ದೋರು. ನೀನು ಬರೀ ಇವ್ರನ್ನ ಲೆಕ್ಕ ಹಾಕಿ ಕಾಲೇಜಿಗೆ ಕಾಟು ಹೊಡೆದಿದ್ದೀಯ. ನಾನೂ ಅದೇ ಕಾಲೇಜು, ಗೊತ್ತಾ?"

ಸುಪ್ರಿಯಾಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಏಳು ವರ್ಷ ಇದೇ ಕೆಲಸ ಮಾಡಿದವಳು, ಕೈಗೆ ಸಿಕ್ಕಿದ್ದನ್ನು ಮಾತ್ರ ತೆಗೆದು ಇಡೀ ಮಾಲಿಗೆ ಬೆಲೆ ಕಟ್ಟಿದ್ದಳಲ್ಲ! "ಹಂಗಾದ್ರೆ ಎಲ್ಲಿ ಸೇರ್ಲಿ ಮೇಡಂ?" ಎಂದಳು. "ಪುಸ್ತಕ ಎಲ್ಲಾ ಕಡೆ ಒಂದೇ ಕಣೆ. ಕ್ಲಾಸ್ ಬಿಟ್ಮೇಲೆ ಕೋರ್ಟಿಗೆ ಬಂದು ಕೂತ್ಕೊಳೋಕೆ ಆಗೋ ಊರಲ್ಲಿ ಓದು. ಅದಿರ್ಲಿ, ಲಾ ಎಂತಕ್ಕೆ ಓದ್ಬೇಕು ನಿಂಗೆ?" ಸುಪ್ರಿಯಾ ಬಾಯಿ ತೆರೆದಳು. ಸಮಾಜಸೇವೆ ಎನ್ನಲೇ? ಹೆಣ್ಣುಮಕ್ಕಳಿಗೆ ನ್ಯಾಯ ಎನ್ನಲೇ? ಗೋಣಿಬೀಡು, ಉಪ್ಪಿಟ್ಟು, ಮೂರು ವರ್ಷ ಎಂದು ನಿಜವನ್ನೇ ಹೇಳಿಬಿಡಲೇ? ಅಷ್ಟರಲ್ಲಿ ಪ್ರೇಮಕುಮಾರಿ ಗಡಿಯಾರ ನೋಡಿಕೊಂಡು, "ನನ್ ಕೇಸ್ ಕರೆಯೋಕೆ ಮುಂಚೆ ಇನ್ನೂ ಎರಡು ಕೇಸ್ ಇದೆ. ಬಾ, ಒಳಗೆ ಕೂತ್ಕೊಂಡು ನೋಡು. ಮೊಬೈಲ್ ಆಫ್ ಮಾಡು" ಎಂದು ಕರೆದುಕೊಂಡು ಹೋದರು.

ಒಳಗೆ ಫ್ಯಾನಿನ ಸದ್ದು, ಟೈಪಿಂಗಿನ ಸದ್ದು. ಸಾಕ್ಷಿ ಕಟಕಟೆಯಲ್ಲಿ ಒಬ್ಬ ಮನುಷ್ಯ ಕೈ ಹಿಂದೆ ಕಟ್ಟಿ ನಿಂತಿದ್ದ. ಮೊದಲ ಎರಡು ಮಾತು ಕೇಳಿದೊಡನೆ ಸುಪ್ರಿಯಾ ಬೆಂಚಿನಲ್ಲಿ ನೆಟ್ಟಗಾದಳು. ಅವನ ಹೆಸರು ಜಯಪ್ರಕಾಶ್, ಇನ್ನೊಂದು ಊರಿನ ಕಾಫಿ ಡಿಪೋದಲ್ಲಿ ಔಟ್‌ಟರ್ನ್ ತೆಗೆಯುವವನು. ಅವಳದೇ ಕೆಲಸ. ಮಾರಯ್ಯ ಎಂಬ ಸಣ್ಣ ಬೆಳೆಗಾರ ಆ ಡಿಪೋದ ಮೇಲೆ ದಾವಾ ಹಾಕಿದ್ದ. ಜನವರಿಯ ಅಕಾಲದ ಮಳೆಯಲ್ಲಿ ಮೂವತ್ತು ಚೀಲ ತಂದಿದ್ದನಂತೆ. ಇಪ್ಪತ್ತಾರು ಬರಬೇಕಾದ ಕಡೆ ಇಪ್ಪತ್ತೆರಡು ಬರೆದರು ಎಂಬುದು ಅವನ ದೂರು. ಮಾರಯ್ಯ ಗೋಡೆ ಪಕ್ಕದಲ್ಲಿ ಟವೆಲನ್ನು ಮಡಚಿ ಹಿಡಿದು ನಿಂತಿದ್ದ. ಡಿಪೋದ ತಕ್ಕಡಿ ಎದುರು ಬೆಳೆಗಾರರು ನಿಲ್ಲುವುದೂ ಹಾಗೆಯೇ.

ಮಾರಯ್ಯನ ಪರವಾಗಿ ವಿಶ್ವನಾಥ್ ಎಂಬ ಎಳೆಯ ವಕೀಲ ಪಾಟೀಸವಾಲಿಗೆ ಎದ್ದ.

"ನೀವು ಡಿಪೋದ ಸಂಬಳದವರು. ಮಾಲೀಕರಿಗೆ ಲಾಭವಾಗಲೆಂದು ಇಪ್ಪತ್ತೆರಡು ಎಂದು ಸುಳ್ಳು ಬರೆದಿದ್ದೀರಿ ಎಂದರೆ?"

"ಸರಿಯಲ್ಲ."

"ಯಂತ್ರದಲ್ಲಿ ಬಂದದ್ದೇ ಬೇರೆ, ಚೀಟಿಯಲ್ಲಿ ಬರೆದದ್ದೇ ಬೇರೆ ಎಂದರೆ?"

"ಸರಿಯಲ್ಲ. ಬಂದಿದ್ದನ್ನೇ ಬರ್ದಿದ್ದೀನಿ ಸ್ವಾಮಿ."

ಜಯಪ್ರಕಾಶನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವನು ಹೇಳುತ್ತಿದ್ದದ್ದು ನಿಜವೇ. ಯಂತ್ರಕ್ಕೆ ಹಾಕಿದ ಕಾಯಿ ಇಪ್ಪತ್ತೆರಡೇ ಕೊಟ್ಟಿರಬೇಕು. ಆದರೆ ಆ ಕಾಯಿ ಬಂದದ್ದು ಎಲ್ಲಿಂದ? ಮಳೆಯಲ್ಲಿ ಬಂದ ಗಾಡಿ, ಟಾರ್ಪಾಲಿನ ಅಂಚಿನ ಒಂದೆರಡು ಚೀಲ ನೆನೆದೇ ನೆನೆದಿರುತ್ತವೆ. ನೆನೆದ ಸಿಪ್ಪೆಗೆ ತೂಕ ಜಾಸ್ತಿ, ಬೀಜದ ಲೆಕ್ಕ ಇಳಿಯುತ್ತದೆ. ಕೈಗೆ ಮೊದಲು ಸಿಗುವುದೂ ಅಂಚಿನ ಚೀಲಗಳೇ. ಎಷ್ಟು ಚೀಲಕ್ಕೆ ಚುಚ್ಚಿದೆ ಎಂದು ಕೇಳು, ಸುಪ್ರಿಯಾ ಮನಸ್ಸಿನಲ್ಲೇ ಆ ವಕೀಲನಿಗೆ ಹೇಳಿದಳು. ಮೂವತ್ತರಲ್ಲಿ ಎಷ್ಟಕ್ಕೆ? ಯಾವ ಯಾವುದಕ್ಕೆ? ಕೇಳಯ್ಯ! ವಕೀಲ ಹಾಳೆ ತಿರುವಿದ, ಸಹಿ ಯಾರದು, ದಿನಾಂಕ ಯಾವುದು ಎಂದು ಕೇಳಿದ. ಆಮೇಲೆ, "ಮತ್ತೇನೂ ಪ್ರಶ್ನೆ ಇಲ್ಲ" ಎಂದು ಕೂತುಬಿಟ್ಟ. ಸುಪ್ರಿಯಾ ತನಗೇ ತಿಳಿಯದೆ ಬೆಂಚಿನಿಂದ ಎದ್ದು ನಿಂತಿದ್ದಳು. ಕೋರ್ಟಿನ ಜವಾನ ಕಣ್ಣು ಬಿಟ್ಟ. ಪ್ರೇಮಕುಮಾರಿ ಅವಳ ದುಪಟ್ಟಾ ಹಿಡಿದು ಎಳೆದು ಕೂರಿಸಿದರು.

"ಎಂತಾಯ್ತೇ ನಿಂಗೆ?" ಎಂದು, ತಮ್ಮ ಕೇಸಿಗೆ ಇನ್ನೂ ಹೊತ್ತಿದ್ದರಿಂದ, ಅವಳನ್ನು ಹೊರಗೆ ಕರೆದುಕೊಂಡು ಬಂದು ಕೇಳಿದರು. ಸುಪ್ರಿಯಾ ಉಸಿರು ಬಿಡದೆ ಎಲ್ಲ ಹೇಳಿದಳು. ಚೀಲ, ಕೊಳವೆ, ಟಾರ್ಪಾಲು, ಅಂಚು. ಇಷ್ಟು ಸಿಟ್ಟು, ಇಷ್ಟು ಆಸೆ ಅವಳಿಗೆ ಹಿಂದೆ ಯಾವತ್ತೂ ಒಟ್ಟಿಗೆ ಬಂದಿರಲಿಲ್ಲ. ಆ ಪ್ರಶ್ನೆಯನ್ನು ತಾನೇ ಕೇಳಬೇಕಿತ್ತು, ಆ ಜಾಗದಲ್ಲಿ ತಾನೇ ನಿಂತಿರಬೇಕಿತ್ತು ಎನ್ನಿಸಿತು. ಪ್ರೇಮಕುಮಾರಿ ಗಂಭೀರವಾಗಿ ಕೇಳಿಸಿಕೊಂಡು, "ನಂಗೂ ಇದು ಹೊಳೀತಿರ್ಲಿಲ್ಲ ಕಣೆ. ನಾನು ಕಾಫಿ ಕುಡಿಯೋಳು ಅಷ್ಟೇ. ಹೋಗು, ಅಲ್ಲಿ ನಿಂತಿದಾನೆ ನೋಡು, ಅವನಿಗೇ ಹೇಳು" ಎಂದರು.

ವಿಶ್ವನಾಥ್ ಕಡತದ ಹಿಂಬದಿಯಲ್ಲೇ ಎಲ್ಲ ಬರೆದುಕೊಂಡ. ಒಳ್ಳೆಯ ಹುಡುಗ, ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆ ಇರಲಿಲ್ಲ. "ಸಾಕ್ಷೀನ ಮತ್ತೆ ಕರೆಸಿ ಅಂತ ಒಂದು ಅರ್ಜಿ ಹಾಕಿ ನೋಡ್ತೀನಿ ಮೇಡಂ" ಎಂದ. ಮಾರಯ್ಯ ಪಕ್ಕದಲ್ಲಿ ನಿಂತು ಅವಳಿಗೆ ಕೈ ಮುಗಿದ. ಆಮೇಲೆ ವಿಶ್ವನಾಥ್ ಪೆನ್ನು ಹಿಡಿದೇ ಸಹಜವಾಗಿ ಕೇಳಿದ, "ಮೂವತ್ತು ಚೀಲ ಬಂದ್ರೆ ನೀವು ಎಷ್ಟಕ್ಕೆ ಚುಚ್ತೀರಿ?"

ಸುಪ್ರಿಯಾ, "ಬಸ್ಸಿಗೆ ಹೊತ್ತಾಯ್ತು" ಎಂದು ಅಲ್ಲಿಂದ ಹೊರಟೇಬಿಟ್ಟಳು.

ಬಸ್ಸಿನಲ್ಲಿ ಕೂತರೆ ಬೆಳಗಿನ ಗೊಂದಲವೇ ವಾಸಿ ಎನ್ನಿಸಿತು. ಬೆಳಿಗ್ಗೆ ಬೇಕೋ ಬೇಡವೋ ಎಂಬುದು ಗೊತ್ತಿರಲಿಲ್ಲ. ಈಗ ಬೇಕು ಎಂಬುದು ಖಂಡಿತ ಗೊತ್ತಾಗಿತ್ತು, ಬೇಕು ಎನ್ನುವ ಯೋಗ್ಯತೆ ತನಗಿದೆಯೇ ಎಂಬುದು ಗೊತ್ತಿರಲಿಲ್ಲ. ಮಾರಯ್ಯ ಕೈ ಮುಗಿದದ್ದು ಕಣ್ಣ ಮುಂದಿನಿಂದ ಹೋಗಲೊಲ್ಲದು. ಜನವರಿ ತಿಂಗಳಲ್ಲಿ ಡಿಪೋದ ಮುಂದೆ ಗಾಡಿಗಳು ರಸ್ತೆಯವರೆಗೆ ಸಾಲು ನಿಲ್ಲುತ್ತವೆ. ಅಂಥ ದಿನ ಮೂವತ್ತು ಚೀಲವಿರಲಿ, ಐವತ್ತಿರಲಿ, ಕೈಗೆಟಕಿದ ಎರಡಕ್ಕೆ ಚುಚ್ಚಿ ಮುಂದಿನವರನ್ನು ಕರೆದಿದ್ದಾಳೆ. ಯಾರಿಗೆ ಎಷ್ಟು ಕಡಿಮೆ ಬರೆದಳೋ, ಯಾರಿಗೆ ಹೆಚ್ಚು ಬರೆದಳೋ. ಏಳು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಲು ಅವರಿಗೆ ಗೊತ್ತಿರಲಿಲ್ಲ, ಹೇಳಲು ಇವಳಿಗೆ ಪುರುಸೊತ್ತಿರಲಿಲ್ಲ. ಆಲ್ದೂರು ಬಂದರೂ ಅವಳು ಇಳಿಯಲಿಲ್ಲ. "ಲಾಯರಮ್ಮ, ಊರು ಬಂತು" ಎಂದು ಕಂಡಕ್ಟರೇ ಕೂಗಬೇಕಾಯಿತು.

ಡಿಪೋದಲ್ಲಿ ಬಸವರಾಜಪ್ಪ ಅವಳನ್ನೇ ಕಾಯುತ್ತಿದ್ದರು. ಮಳೆಗಾಲದಲ್ಲಿ ಮಾಲು ಕಡಿಮೆ, ಮಾತಿಗೆ ಬಿಡುವು ಜಾಸ್ತಿ. "ಬಾ ಬಾ, ಔಟ್‌ಟರ್ನ್ ಎಷ್ಟು ಬಂತು?" ಎಂದರು.

"ಸ್ಯಾಂಪಲ್ಲೇ ತಪ್ಪು ತೆಗ್ದಿದ್ದೆ ಸಾವ್ಕಾರ್ರೇ. ಚಿಕ್ಕಮಗಳೂರಲ್ಲೇ ಸೇರ್ತೀನಿ. ಶನಿವಾರ ಅರ್ಜಿ ಕೊಡ್ತೀನಿ."

"ಅಂದ್ರೆ ನಿಜವಾಗ್ಲೂ ಓದ್ತೀಯಾ? ಗೋಣಿಬೀಡಿನೋರಿಂದ ತಪ್ಪಿಸ್ಕೊಳೋಕೆ ಅಲ್ಲ ತಾನೇ?"

"ಅವ್ರಿಗೆ ನಾಳೆ ನಾನೇ ಫೋನ್ ಮಾಡಿ ಹೇಳ್ತೀನಿ. ಅವತ್ತು ಹೇಳಿದ್ದು ಸುಳ್ಳು, ಕಾಯೋದು ಬೇಡ ಅಂತ."

"ಸುಳ್ಳಾದ್ರೆ ಮತ್ತೆ ಎಂತಕ್ಕೆ ಓದೋದು ಮಾರಾಯ್ತಿ? ನಂಗೆ ಒಂದೂ ತಿಳೀತಿಲ್ಲ."

ಸುಪ್ರಿಯಾ ಕೋರ್ಟಿನಲ್ಲಿ ಕಂಡದ್ದನ್ನು ಹೇಳಿದಳು. ಜಯಪ್ರಕಾಶನನ್ನು, ಮಾರಯ್ಯನನ್ನು, ಯಾರೂ ಕೇಳದ ಪ್ರಶ್ನೆಯನ್ನು ಹೇಳಿದಳು. ಆಮೇಲೆ ಜನವರಿಯ ಸಾಲನ್ನೂ ಕೈಗೆಟಕುವ ಎರಡು ಚೀಲಗಳನ್ನೂ ಹೇಳಿದಳು. ಬಸವರಾಜಪ್ಪನವರ ಮುಖ ಕೆಂಪಾಯಿತು.

"ಅಂದ್ರೆ ನನ್ ಡಿಪೋದಲ್ಲಿ ಮೋಸ ನಡೀತಿತ್ತು ಅಂತೀಯಾ?"

"ನೀವು ಬೇಗ ಬೇಗ ಅಂದ್ರಿ ಅಷ್ಟೇ. ಚುಚ್ಚಿದ್ದು ನನ್ ಕೈ."

ಬಸವರಾಜಪ್ಪ ಎದ್ದು ಬಾಗಿಲವರೆಗೆ ಹೋಗಿ ಬಂದರು. ಸಿಟ್ಟು ಅವರಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಅವಳ ಮುಖ ನೋಡಿ ದನಿ ತಗ್ಗಿಸಿದರು. "ನೋಡು, ಎಲ್ಲಾ ಕಡೆ ಹಿಂಗೇ ಮಾಡೋದು. ಒಬ್ರಿಗೆ ಕಮ್ಮಿ ಬಂದಿರುತ್ತೆ, ಒಬ್ರಿಗೆ ಜಾಸ್ತಿ. ನಿಂಗೆ ತಪ್ಪು ಅಂತ ಗೊತ್ತಿರ್ಲಿಲ್ಲ, ಮಾಡ್ದೆ. ಗೊತ್ತಿಲ್ದೆ ಆಗಿದ್ದಕ್ಕೆ ಇಷ್ಟೊಂದು ಕೊರಗ್ಬಾರ್ದು."

ಸುಪ್ರಿಯಾ ತಲೆ ಅಲ್ಲಾಡಿಸಿದಳು. ಕಣ್ಣಿನಲ್ಲಿ ನೀರು ತುಂಬಿ ಎದುರಿನ ತಕ್ಕಡಿ ಮಸುಕಾಗಿ ಕಾಣುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಗೊತ್ತಿತ್ತು ಸಾವ್ಕಾರ್ರೇ. ಅಪ್ಪಯ್ಯ ಪ್ರತಿ ವರ್ಷ ಇಲ್ಲಿಗೇ ಕಾಫಿ ತರ್ತಾನಲ್ಲ. ಎಷ್ಟೇ ಗಾಡಿ ಸಾಲು ನಿಂತಿದ್ರೂ ಅವನ ಚೀಲ ಒಂದನ್ನೂ ಬಿಡ್ತಿರ್ಲಿಲ್ಲ. ಎಲ್ಲದಕ್ಕೂ ಚುಚ್ತಿದ್ದೆ."